ದಿಂಬಿನ ಮೇಲಿನ ಡ್ರಮ್ಸ್

ಬಿಸಿಲಿಗೆ ಹಾಕಿ ತೆಗೆದ ಹತ್ತಿ ದಿಂಬಿನ ವಾಸನೆ ಬಂದರೆ ಇವತ್ತೂ ನನ್ನ ಬೆರಳುಗಳು ತಾವಾಗಿಯೇ ಆಡುತ್ತವೆ.

ನಾನು ಚಿಕ್ಕವಳಿದ್ದಾಗ, ವಿಮಾನಪುರದ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಒಂದು ಮಧ್ಯಾಹ್ನ, ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪ ಮಲಗಿದ್ದರು. “ಅಪ್ಪನ್ನ ಎಬ್ಬಿಸಿದ್ರೆ ನಾಳೆಯಿಂದ ಡ್ರಮ್ಸ್ ಕ್ಲಾಸಿಲ್ಲ,” ಎಂದು ಅಮ್ಮ ಗದರಿದ್ದಳು. ಮಂಚದ ಪಕ್ಕ ಕೂತು ದಿಂಬಿನ ಮೇಲೆ ಡ್ರಮ್ಸ್ ಕಡ್ಡಿಗಳನ್ನು ಆಡಿಸುತ್ತಾ ಪಿಸುಗುಟ್ಟುತ್ತಿದ್ದೆ: ಬಲ ಎಡ ಬಲ ಬಲ, ಎಡ ಬಲ ಎಡ ಎಡ. “ಇದೊಂದು ಕೈಗೆ ಕೂತ್ರೆ ಸಾಕು, ಹಾಡಿನ ಮಧ್ಯೆ ಯಾವ ಡ್ರಮ್ ಮೇಲಾದ್ರೂ ಹೊಂದುತ್ತೆ,” ಎಂದಿದ್ದರು ಮೇಷ್ಟ್ರು.

ಕೊನೆಯ ‘ಎಡ ಎಡ’ಕ್ಕೆ ಬರುವಷ್ಟರಲ್ಲಿ ಕಡ್ಡಿ ಜಾರಿ ಕಬ್ಬಿಣದ ಮಂಚಕ್ಕೆ ಠಣ್ಣನೆ ಬಡಿಯಿತು. ತಟ್ಟನೆ ಅಪ್ಪನ ಮುಖ ನೋಡಿದೆ.

ಅಪ್ಪ ಕಣ್ಣು ತೆರೆಯಲಿಲ್ಲ.

“ಇನ್ನೆರಡು ಎಡ ಬಾಕಿ ಇದೆ ಪುಟ್ಟಿ, ಬಾರಿಸ್ಬಿಡು. ಅರ್ಧಕ್ಕೇ ನಿಲ್ಲಿಸಿದ್ರೆ ನಂಗೆ ನಿದ್ದೆ ಬರಲ್ಲ.”