ಕೋಚ್ ಊಟಕ್ಕೆ ಬಂದರು

‘ಇವತ್ತೂ ಅವರಿಗೆ ಹೇಳಲಾಗಲಿಲ್ಲ. ಹೇಳಿಬಿಟ್ಟರೆ ಇಬ್ಬರ ಬದುಕೂ ಬದಲಾಗುತ್ತದೆ. ನನಗೇಕೆ ಇಷ್ಟು ಭಯ?’

ನೀರಜಾ ಸೋಮವಾರ ಡೈರಿಯಲ್ಲಿ ಬರೆದದ್ದು ಇಷ್ಟೇ. ಮಂಗಳವಾರ ಅವಳಮ್ಮ ಊರ್ಮಿಳಾ ಧೂಳು ಒರೆಸುವ ನೆಪದಲ್ಲಿ ಅದನ್ನು ಓದಿದರು. ಬುಧವಾರದ ಹೊತ್ತಿಗೆ ‘ಅವರು’ ಯಾರೆಂಬುದೂ ಪತ್ತೆಯಾಯಿತು. ಮಗಳ ಫೋನಿಗೆ ದಿನಕ್ಕೆ ನಾಲ್ಕು ಸಲ ಕರೆ ಬರುತ್ತಿತ್ತು. ಪರದೆಯ ಮೇಲೆ ಒಂದೇ ಹೆಸರು: ಕೋಚ್.

ಅಮೆರಿಕದ ಏಪೆಕ್ಸ್ ಎಂಬ ಊರಿನ ಬಳಿಯ ಸಣ್ಣ ಕಾಲೇಜೊಂದರ ಬೇಸ್‌ಬಾಲ್ ತಂಡಕ್ಕೆ ನೀರಜಾ ಸಹಾಯಕ ಕೋಚ್. ಪ್ರತಿ ಎಸೆತ, ಪ್ರತಿ ಹೊಡೆತ, ಮುಖ್ಯ ಕೋಚ್ ಕೊಟ್ಟ ಪ್ರತಿ ಆದೇಶವನ್ನೂ ಲ್ಯಾಪ್‌ಟಾಪಿಗೆ ಏರಿಸುವುದು ಅವಳ ಕೆಲಸ. ತಮ್ಮೂರು ಆಶ್‌ಬರ್ನ್‌ನ ಗೆಳತಿಯರ ಮುಂದೆ ಮಾತ್ರ ಊರ್ಮಿಳಾ ಅವಳನ್ನು ‘ಡೇಟಾ ಸೈಂಟಿಸ್ಟ್’ ಎನ್ನುತ್ತಿದ್ದರು. ಈ ವರ್ಷದ ಪಂದ್ಯಗಳು ಮುಗಿದು ಮಗಳು ಮನೆಗೆ ಬಂದಿದ್ದಳು.

ತಂದೆ ವೇಣುಗೋಪಾಲ ಕಾಲೇಜಿನ ವೆಬ್‌ಸೈಟ್ ತೆರೆದು ಕೋಚನ ವೃತ್ತಿಜೀವನವನ್ನು ಜಾತಕದಂತೆ ಓದಿದರು.

“ಹೆಸರು ಶಶಿಕಾಂತ್. ಅಟ್ಲಾಂಟಾದಲ್ಲಿ ಎರಡು ವರ್ಷ ಅಸಿಸ್ಟೆಂಟ್, ಆಮೇಲೆ ಇಲ್ಲಿ ಹೆಡ್ ಕೋಚ್. ಆದ್ರೆ ಈ ಸಲ ನಲವತ್ತು ಮ್ಯಾಚಲ್ಲಿ ಇಪ್ಪತ್ತೊಂಬತ್ತು ಸೋತಿದ್ದಾನಲ್ಲೇ!”

“ಸೋತು ಅಭ್ಯಾಸ ಇರೋರೇ ಗಂಡ ಆಗೋಕೆ ಲಾಯಕ್ಕು ಬಿಡಿ,” ಎಂದರು ಊರ್ಮಿಳಾ. “ಕನ್ನಡದವರು, ಮೊಟ್ಟೆನೂ ತಿನ್ನಲ್ವಂತೆ. ಇನ್ನೇನು ಬೇಕು?”

ಅಮ್ಮ ಗುಟ್ಟಾಗಿ ಫೋನ್ ಮಾಡಿ ಅವರನ್ನು ಊಟಕ್ಕೆ ಕರೆದ ವಿಷಯ ನೀರಜಾಗೆ ತಿಳಿದದ್ದು ಭಾನುವಾರ ಮಧ್ಯಾಹ್ನ ಬಾಗಿಲು ತೆರೆದಾಗಲೇ. ಎದುರಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಕೋಚ್. ಪಕ್ಕದಲ್ಲಿ ಹಣ್ಣಿನ ಬುಟ್ಟಿ ಹಿಡಿದ ಅವರ ತಂದೆ ಡಾಕ್ಟರ್ ಶಿವಶರಣಪ್ಪ.

ಅವಳು ಅಡುಗೆಮನೆಗೆ ಓಡಿದಳು. “ಅಮ್ಮ, ನನ್ನ ಡೈರಿ ಓದಿದ್ಯಾ?”

“ನೀನಾಗೇ ಬಾಯಿ ಬಿಟ್ಟಿದ್ರೆ ನಾನ್ಯಾಕೆ ಓದ್ತಿದ್ದೆ? ಇವತ್ತಾದ್ರೂ ಹೇಳಿಬಿಡು. ಕೇಸರಿಬಾತ್ ತಗೊಂಡು ನಡಿ.”

ಹೇಳಲೇಬೇಕಿತ್ತು. ನಾಳೆಯಾದರೆ ಬೇರೆ ಯಾರದೋ ಬಾಯಿಂದ ಅವರಿಗೆ ಗೊತ್ತಾಗುತ್ತದೆ. ಹೇಗಿದ್ದರೂ ತಾನು ಒಪ್ಪಿಕೊಂಡಾಗಿದೆ. ನೀರಜಾ ತಟ್ಟೆ ಹಿಡಿದು ಹೊರಬಂದಳು.

“ಡಾಕ್ಟರ್ ಆಗಲಿಲ್ಲ ಅಂತ ಹತ್ತು ವರ್ಷ ಇಂವನ ಕೂಡ ಮಾತಾಡಿದ್ದಿಲ್ರೀ,” ಎನ್ನುತ್ತಿದ್ದರು ಶಿವಶರಣಪ್ಪ. “ಈಗ ಪೇಪರಿನ್ಯಾಗ ಹೆಸರು ಬರ್ತದ. ಸೋತದ್ದೇ ಬರ್ತದ, ಆದ್ರೂ ಬರ್ತದ.”

ಕೋಚ್ ನಕ್ಕರು. “ನಾಳೆ ಕಾಲೇಜಿನ ಸ್ಪೋರ್ಟ್ಸ್ ಡೈರೆಕ್ಟರ್ ಮೀಟಿಂಗ್ ಕರ್ದಿದಾರೆ, ಅಂಕಲ್. ಕಾಂಟ್ರ್ಯಾಕ್ಟ್ ಎಕ್ಸ್‌ಟೆಂಡ್ ಮಾಡ್ತಾರೆ ಅನ್ಸತ್ತೆ.”

“ಇಷ್ಟು ಸೋತ ಮೇಲೂನಾ?” ವೇಣುಗೋಪಾಲರಿಗೆ ತಡೆಯಲಾಗಲಿಲ್ಲ.

“ನಂಬರ್ಸ್ ಎಲ್ಲಾ ನೀರಜಾ ನೋಡ್ಕೋತಾರೆ. ಒಂದು ದಪ್ಪ ರಿಪೋರ್ಟೂ ಮಾಡಿ ಡೈರೆಕ್ಟರ್‌ಗೆ ಕಳ್ಸಿದಾರೆ. ನಾನು ಓದಿಲ್ಲ, ಟೈಮ್ ಎಲ್ಲಿದೆ? ನನಗೆ ಪ್ಲೇಯರ್ ಕಣ್ಣು ನೋಡಿದ್ರೆ ಸಾಕು, ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗತ್ತೆ.” ನೀರಜಾಳ ಕಣ್ಣನ್ನೇ ನೋಡಿ ಸೇರಿಸಿದರು, “ಇವರ ವಿಷಯಾನೂ ಯಾವತ್ತೋ ಗೊತ್ತಾಗಿದೆ.”

ಊರ್ಮಿಳಾಗೆ ಕಣ್ಣು ತುಂಬಿ ಬಂತು.

“ಒಂದೇ ಪ್ರಾಬ್ಲಮ್, ಆಂಟಿ,” ಎಂದರು ಕೋಚ್. “ಗಂಡ ಹೆಂಡತಿ ಒಂದೇ ಟೀಮಲ್ಲಿ ಇರೋ ಹಾಗಿಲ್ಲ. ಕಾಲೇಜ್ ರೂಲ್. ಒಬ್ರು ಕೆಲ್ಸ ಬಿಡ್ಬೇಕಾಗತ್ತೆ.”

“ಅಯ್ಯೋ, ಅದಕ್ಕೇನಂತೆ!” ಎಂದರು ಊರ್ಮಿಳಾ.

“ನಮ್ಮದೇನೂ ಒತ್ತಾಯ ಇಲ್ರೀ,” ಎಂದರು ಶಿವಶರಣಪ್ಪ, ಒತ್ತಾಯದ ದನಿಯಲ್ಲೇ.

ನಾಲ್ಕು ಜೋಡಿ ಕಣ್ಣುಗಳು ನೀರಜಾಳತ್ತ ತಿರುಗಿದವು. ಡೈರಿಯಲ್ಲಾಗಿದ್ದರೆ ಎರಡು ಸಾಲು ಸಾಕಿತ್ತು.

“ಶಶಿಕಾಂತ್,” ಎಂದಳು. ಎರಡು ವರ್ಷ ‘ಕೋಚ್’ ಎಂದಷ್ಟೇ ಕರೆದವಳು ಮೊದಲ ಸಲ ಹೆಸರು ಹಿಡಿದು ಕರೆದಿದ್ದಳು. ಅವಳ ಪರವಾಗಿ ಊರ್ಮಿಳಾ ನಾಚಿಕೊಂಡರು.

“ಆ ರಿಪೋರ್ಟನ್ನ ಡೈರೆಕ್ಟರ್ ಓದಿದಾರೆ. ನಾಳೆಯಿಂದ ಆ ಟೀಮಿಗೆ ಹೆಡ್ ಕೋಚ್ ನಾನು.”