ಉಂಗುರವಿಲ್ಲದ ಕೈ

"ಇನ್ನು ಇದನ್ನು ತೆಗೆಯೋ ಹಾಗಿಲ್ಲ ರೀ" ಎಂದು ಕಾತ್ಯಾಯನಿ ಎಲ್ಲರ ಮುಂದೆಯೇ ಗಂಡ ಗೋಪಿನಾಥರ ಬೆರಳಿಗೆ ಉಂಗುರ ತುರುಕಿದರು. ಮದುವೆಯಲ್ಲಿ ಅವರ ಅಪ್ಪ ಅಳಿಯನಿಗೆ ಕೊಟ್ಟಿದ್ದ ಉಂಗುರ. ಅಂದಿನಿಂದ ಬೀರುವಿನಲ್ಲೇ ಬಿದ್ದಿತ್ತು. ಮಡಿಕೇರಿಯ ಸಭಾಂಗಣದಲ್ಲಿ ಭೂರಸಾಯನ ತಜ್ಞರ ಸಂಘದವರೆಲ್ಲ ಚಪ್ಪಾಳೆ ತಟ್ಟಿದರು. ಗೋಪಿನಾಥರೂ ನಕ್ಕರು, ಹಲ್ಲುನೋವಿದ್ದವರು ನಗುವ ಹಾಗೆ.

ಸಂಘದ ಕಾರ್ಯದರ್ಶಿಯಾಗಿ ಅವರು ಆಗಷ್ಟೇ ತಮ್ಮ ಕೊನೆಯ ವಾರ್ಷಿಕ ವರದಿ ಓದಿ ಮುಗಿಸಿದ್ದರು. ಮೂರ್ನಾಡಿನಲ್ಲಿ ಬಾವಿ ನೀರಿನ ಪರೀಕ್ಷೆ, ಮಳೆಗಾಲದ ಉಪನ್ಯಾಸ, ಚೆಟ್ಟಳ್ಳಿಯ ತೋಟದಲ್ಲಿ ಮಣ್ಣಿನ ಶಿಬಿರ. ಆ ಶಿಬಿರದಲ್ಲಿ ತಾವು ಎದೆ ಹಿಡಿದುಕೊಂಡು ಕುಸಿದದ್ದನ್ನು ಮಾತ್ರ ಓದಲಿಲ್ಲ. ಅವತ್ತೇ ಆಸ್ಪತ್ರೆಯಲ್ಲಿ ಕಾತ್ಯಾಯನಿ ಮಾತು ತೆಗೆದುಕೊಂಡಿದ್ದರು: ಈ ವರ್ಷ ಮುಗಿದರೆ ಸಂಘ ಸಾಕು, ಮಣ್ಣು ಸಾಕು.

ಉಂಗುರದ ಕೈ ಮಣ್ಣು ಮುಟ್ಟಬಾರದು ಎಂಬುದು ಸಂಘದ ಕಟ್ಟಳೆ. ಹಿಂದೊಮ್ಮೆ ಯಾರದೋ ಉಂಗುರ ಪರೀಕ್ಷೆಯ ಮಣ್ಣಿಗೆ ಉಜ್ಜಿ, ಗುಡ್ಡದಲ್ಲಿ ಚಿನ್ನ ಸಿಕ್ಕಿತೆಂದು ಈ ಪಂಡಿತರೆಲ್ಲ ಕುಣಿದಾಡಿದ್ದೂ ಉಂಟು. ಅಂದಿನಿಂದ ಗೋಪಿನಾಥರು ಯಾರನ್ನೂ ಬಿಟ್ಟವರಲ್ಲ. ಗಾಜಿನ ಬಣ್ಣದಲ್ಲೂ ಲೋಹವಿರುತ್ತದೆ ಎಂದು, ಹೊಸದಾಗಿ ಸೇರಿದ ಹಂಸಿನಿಯ ಗಾಜಿನ ಬಳೆಗಳನ್ನೂ ಬಿಚ್ಚಿಸಿದ್ದರು.

ಊಟವಾದ ಮೇಲೆ ಪದ್ಧತಿಯಂತೆ ಎಲ್ಲರೂ ಸಭಾಂಗಣದ ಹಿಂದಿನ ಇಳಿಜಾರಿಗೆ ಪರೀಕ್ಷೆಯ ಮಣ್ಣು ತೆಗೆಯಲು ಹೊರಟರು. ಸಂಘದ ವರ್ಷ ಮುಗಿಯುವುದೇ ಹಾಗೆ. ಗೋಪಿನಾಥರು ಮೆಟ್ಟಿಲ ಮೇಲೇ ಉಳಿದರು. "ಹಂಸಿನಿ, ಮೇಲಿನ ತರಗೆಲೆ ಸರಿಸಿ ತೆಗಿಯಮ್ಮ" ಎಂದು ಅಲ್ಲಿಂದಲೇ ಕೂಗಿದರು. ಉಂಗುರದ ಕೈ ಜೇಬಿನಲ್ಲಿತ್ತು, ಕಣ್ಣು ತುಂಬಿತ್ತು. ಕಾತ್ಯಾಯನಿ ಅದನ್ನು ಕಂಡರು. ದೇವರ ಕಾಲು ಹಿಡಿದು ಇವರನ್ನು ಉಳಿಸಿಕೊಂಡದ್ದು ಹೀಗೆ ಮೂಲೆಯಲ್ಲಿ ನಿಲ್ಲಿಸಲಿಕ್ಕೇನು?

"ಕೈ ಕೊಡಿ ಇಲ್ಲಿ."

ಎಳೆದರೆ ಉಂಗುರ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು.

"ತಡೀರಿ, ಸೋಪು ತರ್ತೇನೆ."

"ಸೋಪು ಬೇಡ ಮಾರಾಯ್ತಿ, ಅದೂ ಮಣ್ಣಿಗೆ ಸೇರ್ತದೆ. ಬರೀ ನೀರು ಸಾಕು."

"ನಿಮ್ಮದೊಂದು ಮಣ್ಣು!" ಬೈಯುತ್ತಲೇ ಕಾತ್ಯಾಯನಿ ಬಾಟಲಿಯ ನೀರು ಹೊಯ್ದು, ತಿರುಗಿಸಿ ತಿರುಗಿಸಿ ಉಂಗುರ ಬಿಡಿಸಿದರು. "ಆದ್ರೆ ಒಬ್ಬರೇ ಹೋಗೋದು ಬೇಡ. ಎಲ್ಲಿ ಅಂತ ನೀವು ತೋರಿಸಿ, ನಾನು ಅಗೀತೇನೆ. ಇನ್ನು ಮುಂದೆ ಎಲ್ಲಾ ಕಡೆಗೂ ಅಷ್ಟೇ."

ಕಾತ್ಯಾಯನಿ ತಮ್ಮ ಚಿನ್ನದ ಬಳೆಗಳನ್ನೂ ಕಳಚಿ, ಉಂಗುರದ ಜೊತೆ ಕರವಸ್ತ್ರದಲ್ಲಿ ಗಂಟು ಹಾಕಿದರು. ಗಂಡನ ಕಟ್ಟುನಿಟ್ಟು ಗೊತ್ತಿದ್ದುದರಿಂದ, ಆಮೇಲೆ ಹಸಿರು ಗಾಜಿನ ಬಳೆಗಳಿಗೂ ಕೈ ಹಾಕಿದರು.

ಗೋಪಿನಾಥರು ಆ ಕೈ ಹಿಡಿದುಕೊಂಡರು.

"ಅದಿರ್ಲಿ. ಈ ವರ್ಷದ ಮಣ್ಣಿನಲ್ಲಿ ಅದೂ ಸ್ವಲ್ಪ ಇರ್ಲಿ."