ಸೋಮವಾರದ ಕುರ್ಚಿ

ನಮ್ಮೂರ ಕಚೇರಿಗಳಲ್ಲಿ ಸೋಮವಾರ ಗಂಟೆ ಹೊಡೆದೊಡನೆ ಕಿಟಕಿಯೊಳಗಿನ ಗುಮಾಸ್ತರು ಹೊರಬಂದು ಸಾಲಿನ ಕೊನೆಗೆ ನಿಲ್ಲಬೇಕು. ಸಾಲಿನಲ್ಲಿ ಮೊದಲು ನಿಂತವರು ಆ ವಾರವೆಲ್ಲ ಅವರ ಕುರ್ಚಿಯಲ್ಲಿ ಕೂರಬೇಕು.

ಈ ಸಲ ಮೊದಲು ನಿಂತಿದ್ದವಳು ನಾನೇ! ನನ್ನ ಹಿಂದಿದ್ದ ಬಾಲ್ಯದ ಗೆಳತಿ ಚೆಲುವಿ ಬೆನ್ನು ತಟ್ಟಿದಳು.

“ಹೋಗೇ ದಾಕ್ಷಾಯಿಣಿ, ಕಾಯೋರ ಕಷ್ಟ ನಿಂಗೊತ್ತು. ನಮ್ಮನ್ನೆಲ್ಲ ಬೇಗ ಕಳಿಸ್ಬಿಡು!”

ಇಡೀ ಸಾಲು ಚಪ್ಪಾಳೆ ಹೊಡೆಯಿತು. ನಾನು ಓಡಿಹೋಗಿ ಕುಳಿತೆ. ಕುರ್ಚಿ ಇನ್ನೂ ಬೆಚ್ಚಗಿತ್ತು. ಚೆಲುವಿ ನಗುತ್ತ ಅರ್ಜಿ ಚಾಚಿದಳು. ನಾನೂ ನಗುತ್ತಲೇ ಬಾಯಿ ತೆರೆದೆ.

“ನಾಳೆ ಬನ್ನಿ.”

ಅವಳನ್ನು ನಾನು ಬಹುವಚನದಲ್ಲಿ ಮಾತನಾಡಿಸಿದ್ದು ಅದೇ ಮೊದಲು.

ಆಗಷ್ಟೇ ತನ್ನ ಸಾಲಿನಿಂದ ಬಂದು ಕುಳಿತಿದ್ದ ಪಕ್ಕದ ಕಿಟಕಿಯಾಕೆ ಖುಷಿಯಿಂದ ತನ್ನ ಚಹಾದ ಲೋಟವನ್ನೇ ನನ್ನತ್ತ ಸರಿಸಿದಳು.

“ಬಂದೇಬಿಡ್ತಲ್ರೀ ಬಾಯಿಗೆ! ಇನ್ನು ನೀವೂ ನಮ್ಮೋರೇ!”